ಗಾಡಿ ಎಷ್ಟು ಎಳೆಯುತ್ತೆ? ಎಷ್ಟು ದಿನ ನಿಲ್ಲುತ್ತೆ?

ನಮ್ಮ ಬೇತಮಂಗಲದ ಕಡೆ ಕೈಯಲ್ಲಿ ನಾಲ್ಕು ಕಾಸು ಸೇರಿದರೆ ಹಿಂದೆಲ್ಲ ಸೈಟಿನ ಮಾತೆತ್ತುತ್ತಿದ್ದರು. ಈಗ ಗಾಡಿಯ ಮಾತು. ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ ಹಾಯ್ದು ನಮ್ಮ ಪಕ್ಕದಲ್ಲೇ ಆಂಧ್ರದತ್ತ ಹೊರಳುವ ಚೆನ್ನೈ ಎಕ್ಸ್‌ಪ್ರೆಸ್‌ವೇ ಕೆಲಸ ನಡೆದಷ್ಟು ಕಾಲ, ಹಿಟಾಚಿ, ರೋಲರ್, ಗ್ರೇಡರ್ ಹೊತ್ತ ಲೋ-ಬೆಡ್ ಟ್ರೈಲರ್‌ಗಳು ಕಣ್ಣಿಗೆ ಬೀಳುತ್ತಲೇ ಇದ್ದವು. ಒಂದು ಟ್ರಿಪ್ಪಿಗೆ ಇಷ್ಟು ಸಾವಿರ ಬಾಡಿಗೆ ಅಂತ ಯಾರೋ ಹೇಳುತ್ತಾರೆ. ಕೇಳಿದವನು ಅದನ್ನು ಮೂವತ್ತರಿಂದ ಗುಣಿಸಿ ಫೈನಾನ್ಸ್ ಕಂಪನಿಯ ಮೆಟ್ಟಿಲು ಹತ್ತುತ್ತಾನೆ.

ನಾನೂ ನನ್ನ ಭಾವಮೈದುನನೂ ಈ ಕಸುಬಿನಲ್ಲಿ ಪಾಲುದಾರರು. ಗಾಡಿ ಅವನ ಕೈಲಿ, ಲೆಕ್ಕದ ಪುಸ್ತಕ ನನ್ನ ಕೈಲಿ. ಯಾವ ಗಾಡಿ ಎಷ್ಟು ಎಳೆಯುತ್ತೆ ಅಂತ ಕೇಳುವವರು ಅವನ ಹತ್ತಿರ ಹೋಗುತ್ತಾರೆ. ಗಾಡಿ ತಗೊಳ್ಳಲಾ ಬೇಡವಾ ಅನ್ನುವವರನ್ನು ಅವನು ನನ್ನ ಹತ್ತಿರ ಕಳಿಸುತ್ತಾನೆ.

ಮೊದಲು ಎಳೆಯುವ ವಿಷಯ. ಹೊಲದ ಟ್ರ್ಯಾಕ್ಟರಿನ ಟ್ರೈಲರ್ ಹಿಂದಿನ ಕೊಕ್ಕೆಗೆ ಸಿಕ್ಕಿಕೊಂಡು ಬರುತ್ತದೆ. ಭಾರದ ಬಹುಪಾಲು ಅದರ ಚಕ್ರಗಳ ಮೇಲೇ. ಲೋ-ಬೆಡ್ ಹಾಗಲ್ಲ. ಅದರ ಮುಂಭಾಗ ಬಾತುಕೋಳಿಯ ಕತ್ತಿನಂತೆ ಮೇಲೆದ್ದು, ಪುಲ್ಲರಿನ, ಅಂದರೆ ಮುಂದೆ ಎಳೆಯುವ ಎಂಜಿನ್ ಗಾಡಿಯ, ಬೆನ್ನ ಮೇಲೆ ಕೂರುತ್ತದೆ. ಅದೇ ಗೂಸ್‌ನೆಕ್. ಅಮೆರಿಕದ ರೈತರು ದೊಡ್ಡ ಪಿಕಪ್ಪುಗಳ ತೊಟ್ಟಿಯೊಳಗೆ ಉಕ್ಕಿನ ಗುಂಡು ಕೂರಿಸಿ ಇದನ್ನೇ ಸಣ್ಣ ಪ್ರಮಾಣದಲ್ಲಿ ಮಾಡುತ್ತಾರೆ. ನಮ್ಮಲ್ಲಿ ಗುಂಡಿನ ಜಾಗಕ್ಕೆ ಟರ್ನ್ ಟೇಬಲ್, ಕಿಂಗ್ ಪಿನ್. ಡ್ರೈವರ್ ರಿವರ್ಸ್ ಬಂದಾಗ ಗ್ರೀಸು ಮೆತ್ತಿದ ತಟ್ಟೆ ಕತ್ತಿನ ಕೆಳಗೆ ನುಸುಳಿ, ಪಿನ್ನು ದವಡೆಯೊಳಗೆ ಟಕ್ ಅಂತ ಕೂರಬೇಕು. ಕ್ಲೀನರ್ ಟಾರ್ಚು ಬಿಟ್ಟು ದವಡೆ ಮುಚ್ಚಿದೆಯಾ ಅಂತ ನೋಡುತ್ತಾನೆ. ಗಾಳಿಯ ಪೈಪುಗಳನ್ನು ಸಿಕ್ಕಿಸಿ, ಟ್ರೈಲರಿನ ಬ್ರೇಕ್ ಹಿಡಿದೇ ಪುಲ್ಲರನ್ನು ಒಮ್ಮೆ ಮುಂದಕ್ಕೆ ಜಗ್ಗಿ ನೋಡಿದ ಮೇಲೆಯೇ ಟ್ರೈಲರ್ ಊರಿ ನಿಂತಿದ್ದ ಕಾಲುಗಳನ್ನು ಮೇಲಕ್ಕೆ ಸುತ್ತುವುದು.

ಕತ್ತಿನ ಮೂಲಕ ಭಾರದ ಒಂದು ಪಾಲು ಪುಲ್ಲರಿನ ಹಿಂದಿನ ಆಕ್ಸಲ್ ಮೇಲೆ ಇಳಿಯುವುದರಿಂದ ಮಿಷನ್ನು ಬೆಡ್ಡಿನ ಮೇಲೆ ಎಲ್ಲಿ ನಿಲ್ಲುತ್ತೆ ಅನ್ನುವುದೂ ದುಡ್ಡಿನ ವಿಷಯವೇ. ಅರ್ಧ ಮೀಟರ್ ಮುಂದೆ ಹೋದರೆ ಪುಲ್ಲರಿನ ಆಕ್ಸಲ್‌ಗೆ ಹೊರೆ, ಹಿಂದೆ ಹೋದರೆ ಟ್ರೈಲರಿನ ಟಯರಿಗೆ ಹೊರೆ.

ಟಾಟಾ, ಲೇಲ್ಯಾಂಡ್ ಪುಲ್ಲರುಗಳ ಮುಖದ ಮೇಲಿನ ಅಂಕಿಯನ್ನು ಓದಲು ಕಲಿತರೆ ಅರ್ಧ ಪಾಠ ಮುಗಿದಂತೆ. 5530 ಅಂದರೆ ಗಾಡಿ, ಟ್ರೈಲರ್, ಲೋಡು ಎಲ್ಲ ಸೇರಿ 55 ಟನ್. ಎಂಜಿನ್ ಸುಮಾರು 300 ಎಚ್‌ಪಿ. ಕೇಂದ್ರ ಸರ್ಕಾರ 2018ರ ಜುಲೈನಲ್ಲಿ ಆಕ್ಸಲ್ ಮಿತಿ ಹೆಚ್ಚಿಸಿದ ಮೇಲೆ ಬಂದ ಮೇಲ್ಮಿತಿ ಅದು. ಅದಕ್ಕೆ ಮುಂಚೆ 49 ಟನ್ ಇತ್ತು. ಪುಲ್ಲರ್ 9 ಟನ್, ಟ್ರೈಲರ್ 12 ಟನ್ ಅಂತಿಟ್ಟುಕೊಳ್ಳಿ, ಲೋಡಿಗೆ ಉಳಿಯುವುದು 34. ಕ್ವಾರಿಗಳಲ್ಲಿ ಓಡಾಡುವ 20–22 ಟನ್ನಿನ ಹಿಟಾಚಿಗೆ ಇಷ್ಟು ಸಾಕು. ಕೆಜಿಎಫ್‌ನ ಬಿಇಎಂಎಲ್‌ನಲ್ಲಿ ತಯಾರಾಗುವ ದೊಡ್ಡ ಡೋಜರುಗಳ ಲೆಕ್ಕವೇ ಬೇರೆ, ಅವಕ್ಕೆ ಹೆಚ್ಚು ಆಕ್ಸಲ್ಲಿನ ಟ್ರೈಲರ್, ವಿಶೇಷ ಪರವಾನಗಿ ಎರಡೂ ಬೇಕು. ಅಡ್ಜಸ್ಟ್ ಮಾಡಿಕೊಳ್ಳೋಣ ಅಂದರೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಓವರ್‌ಲೋಡಿಗೆ 20,000 ರೂಪಾಯಿ ದಂಡ, ಜೊತೆಗೆ ಹೆಚ್ಚುವರಿ ಟನ್ನೊಂದಕ್ಕೆ 2,000. ನಾಲ್ಕು ಟನ್ ಹೆಚ್ಚಾದರೆ 28,000. ಆ ಟ್ರಿಪ್ಪಿನ ಬಾಡಿಗೆ ಅಲ್ಲೇ ಹೋಯಿತು.

ಈಗ ನನ್ನ ಪುಸ್ತಕಕ್ಕೆ ಬರೋಣ. ಉದಾಹರಣೆಗೆ, ಪುಲ್ಲರ್ ಮತ್ತು ಟ್ರೈಲರ್ ಎರಡಕ್ಕೂ ಸೇರಿ 40 ಲಕ್ಷ ಸಾಲ, ಶೇ 11 ಬಡ್ಡಿ, ಐದು ವರ್ಷ. ಇಎಂಐ ಸುಮಾರು 87,000. ಡ್ರೈವರ್, ಕ್ಲೀನರ್ ಸಂಬಳ 35,000. ಇನ್ಶೂರೆನ್ಸ್, ಟ್ಯಾಕ್ಸ್, ಎಫ್‌ಸಿ ತಿಂಗಳಿಗೆ ಹಂಚಿದರೆ 15,000 ಅನ್ನಿ. ಒಟ್ಟು 1,37,000. ಕೀ ತಿರುಗಿಸದೆ ಗಾಡಿ ಶೆಡ್ಡಿನಲ್ಲೇ ನಿಂತಿದ್ದರೂ ಇದು ತಪ್ಪದ ಖರ್ಚು. ತಿಂಗಳಿಗೆ 20 ದಿನ ಕೆಲಸ ಸಿಕ್ಕರೆ ದಿನಕ್ಕೆ 6,850 ಬೀಳುತ್ತದೆ; ಹತ್ತೇ ದಿನ ಸಿಕ್ಕರೆ 13,700. ಡೀಸೆಲ್ಲು, ಟಯರು, ಟೋಲು, ಬತ್ತಾ ಇವೆಲ್ಲ ಅದರ ಮೇಲೆ. ಮೂವತ್ತರಿಂದ ಗುಣಿಸುವವರು ನೋಡದೆ ಬಿಡುವ ಸಾಲು ಇದೇ.

ಲೋ-ಬೆಡ್‌ಗೆ ಮೂವತ್ತು ದಿನದ ಕೆಲಸ ಹುಟ್ಟುವುದೂ ಕಷ್ಟ. ಟೇಕಲ್‌ನ ಕಲ್ಲು ಕ್ವಾರಿಗೆ ಹೋದ ಹಿಟಾಚಿ ತಿಂಗಳುಗಟ್ಟಲೆ ಅಲ್ಲೇ ಇರುತ್ತದೆ. ಜೆಸಿಬಿ ಚಕ್ರದ ಮೇಲೆ ತಾನೇ ಓಡುತ್ತದೆ, ಹತ್ತಿರದ ಊರಿಗೆ ನಮ್ಮನ್ನು ಕರೆಯುವುದಿಲ್ಲ. ಮಳೆ ಹಿಡಿದರೆ ಸೈಟು ಬಂದ್. ರಿಟರ್ನ್ ಲೋಡಿನ ಆಸೆಯೂ ಬೇಡ: ತರಕಾರಿ, ಇಟ್ಟಿಗೆ ತುಂಬುವ ಗಾಡಿಯಲ್ಲ ಇದು. ನೂರು ಕಿಲೋಮೀಟರ್ ದೂರ ಮಿಷನ್ ಇಳಿಸಿದರೆ ಹೋಗುವಾಗ 40 ಲೀಟರ್, ಖಾಲಿ ಬರುವಾಗ 25 ಲೀಟರ್ ಹಿಡಿಯಿರಿ. ಲೀಟರಿಗೆ 90 ರೂಪಾಯಿಯಂತೆ 5,850 ಆಯಿತು. ಪಾರ್ಟಿಗಳು ಹೋಗುವ ಡೀಸೆಲ್ಲಿನ 3,600ಕ್ಕೆ ಮಾತ್ರ ಲೆಕ್ಕ ಹಾಕಿ ಬಾಡಿಗೆ ಜಗ್ಗುತ್ತಾರೆ. ವಾಪಸಿನ ಡೀಸೆಲ್ ಸೇರಿಸದ ಬಾಡಿಗೆಗೆ ನಾವು ಗಾಡಿ ಕಳಿಸುವುದಿಲ್ಲ. ಅಂಥ ಟ್ರಿಪ್ಪು ಬೇರೆಯವರಿಗೆ ಹೋಗುತ್ತದೆ, ಹೋಗಲಿ.

ದುಡ್ಡು ಕೈಗೆ ಬರುವ ದಿನವೂ ಮುಖ್ಯ. ಬಂಕಿನವನಿಗೆ ನಗದು ಕೊಡಬೇಕು, ಕಂಟ್ರಾಕ್ಟರ್ ಬಿಲ್ಲು ಎರಡು ತಿಂಗಳ ಮೇಲೆ. ನಾವು ಉದ್ಯಮ್ ನೋಂದಣಿ ಮಾಡಿಸಿ ಬಿಲ್ಲಿನ ಮೇಲೆ ಆ ನಂಬರ್ ಹಾಕುತ್ತೇವೆ. ಸಣ್ಣ ಉದ್ದಿಮೆಗೆ ಗಡುವಿನೊಳಗೆ, ಅಂದರೆ ಹೆಚ್ಚೆಂದರೆ 45 ದಿನದೊಳಗೆ, ಹಣ ಕೊಡದ ಕಂಪನಿ ಆ ಖರ್ಚನ್ನು ಹಣ ಕೊಡುವ ವರ್ಷದವರೆಗೆ ತನ್ನ ತೆರಿಗೆಯಲ್ಲಿ ತೋರಿಸುವಂತಿಲ್ಲ. ಈ ನಿಯಮ ಬಂದ ಮೇಲೆ ಅವರ ಅಕೌಂಟೆಂಟೇ ಮಾರ್ಚ್‌ಗೆ ಮುಂಚೆ ಫೋನ್ ಮಾಡುತ್ತಾನೆ. ನೋಂದಣಿಗೆ ಶುಲ್ಕವಿಲ್ಲ.

ತೆರಿಗೆಯಲ್ಲಿ ಇನ್ನೊಂದು ಇಕ್ಕಟ್ಟಿದೆ. ಹತ್ತು ಗಾಡಿ ಮೀರದವರಿಗೆ ಅಂದಾಜು ಲಾಭದ ಸೌಲಭ್ಯ ಉಂಟು. ಹಳೆಯ ಕಾಯ್ದೆಯ 44ಎಇ ಅಂದರೆ ಯಾವ ಆಡಿಟರಿಗೂ ಗೊತ್ತು. 12 ಟನ್ ಮೀರಿದ ಗಾಡಿಗೆ ತಿಂಗಳಿಗೆ ಟನ್ನಿಗೆ 1,000 ರೂಪಾಯಿ ಲಾಭ ಅಂತ ಹಿಡಿಯುತ್ತಾರೆ. 55 ಟನ್ ಲೆಕ್ಕವಾದರೆ ವರ್ಷಕ್ಕೆ 6,60,000. ಗಾಡಿ ನಿಂತ ತಿಂಗಳಿಗೂ ವಿನಾಯಿತಿ ಇಲ್ಲ, ನಿಮ್ಮ ಹೆಸರಲ್ಲಿದ್ದರೆ ಸಾಕು. ಇದು ದಿನಾ ಓಡುವ ಲಾರಿಗೆ ಹೇಳಿ ಮಾಡಿಸಿದ್ದು, ಲೋ-ಬೆಡ್‌ಗೆ ಅಲ್ಲ. ನಿಜವಾದ ಲಾಭ ಅದಕ್ಕಿಂತ ಕಡಿಮೆಯಿದ್ದರೆ ಪುಸ್ತಕ ಬರೆದು ಆಡಿಟ್ ಮಾಡಿಸುವ ದಾರಿ ಇದೆ. ಆರ್‌ಸಿಯಲ್ಲಿ ಯಾವ ತೂಕ ನಮೂದಾಗಿದೆ ಅಂತ ಆಡಿಟರಿಗೆ ತೋರಿಸಿಯೇ ತೀರ್ಮಾನಿಸಿ.

ಇನ್ಶೂರೆನ್ಸ್ ಬಗ್ಗೆ ಎರಡೇ ಮಾತು. ಪುಲ್ಲರಿಗೂ ಟ್ರೈಲರಿಗೂ ಬೇರೆ ಬೇರೆ ನೋಂದಣಿ. ಒಂದರದ್ದು ಕಟ್ಟಿ ಇನ್ನೊಂದರದ್ದು ಬಿಡಬೇಡಿ. ಮತ್ತೆ, ಗಾಡಿಯ ಪಾಲಿಸಿ ಬೆಡ್ಡಿನ ಮೇಲಿರುವ ಮಿಷನ್ನಿಗೆ ಅನ್ವಯಿಸುವುದಿಲ್ಲ. ಗಾಡಿಗಿಂತ ಬೆಲೆಬಾಳುವ ಹಿಟಾಚಿಯನ್ನು ಬರೀ ಚೈನು ಬಿಗಿದು ಹೊರಡುವುದು ಗಾಡಿ ಓನರ್ ಮಾಡುವ ಕೆಲಸವಲ್ಲ. ಅದರ ಟ್ರಾನ್ಸಿಟ್ ಪಾಲಿಸಿ ಯಾರು ಮಾಡಿಸಬೇಕು ಅಂತ ಬಿಲ್ಟಿಯಲ್ಲೇ ಬರೆಸಿಕೊಳ್ಳಿ.

ನಾವು ಮಾಡಿಕೊಂಡ ಏರ್ಪಾಟು ಸರಳ. ಪುಲ್ಲರ್ ನಮ್ಮದು, ಸೆಕೆಂಡ್ ಹ್ಯಾಂಡ್. ಲೋ-ಬೆಡ್ ಬೇಕಾದ ದಿನ ಬಾಡಿಗೆಗೆ ತರುತ್ತೇವೆ. ಮಿಷನ್ ಕೆಲಸ ಇಲ್ಲದ ವಾರ ಅದೇ ಪುಲ್ಲರ್ ಬೇರೆಯವರ ಫ್ಲಾಟ್ ಬೆಡ್ ಕಟ್ಟಿಕೊಂಡು ಕಬ್ಬಿಣ ಹೊರುತ್ತದೆ. ಪಿನ್ನು ಬಿಚ್ಚಿ ಹಾಕಬಹುದಾದ ಗಾಡಿಯ ಅಸಲಿ ಲಾಭ ಇಲ್ಲಿದೆ: ಲೋ-ಬೆಡ್ಡು ಕೆಲಸವಿಲ್ಲದೆ ನಿಂತರೂ ಎಂಜಿನ್ನು ನಿಲ್ಲಬೇಕಿಲ್ಲ.

ಹಾಗಾಗಿ ಕೊಟೇಶನ್ ಹಿಡಿದು ಬರುವ ಹುಡುಗರಿಗೆ ನಾನು ಹಾರ್ಸ್‌ಪವರ್ ಕೇಳುವುದಿಲ್ಲ. ತಿಂಗಳಿಗೆ ಹದಿನೈದು ದಿನದ ಕೆಲಸ ಕೊಡುವ ಪಾರ್ಟಿಗಳ ಹೆಸರು ಬರೆದು ಕೊಡಿ ಅನ್ನುತ್ತೇನೆ. ಪಟ್ಟಿ ತುಂಬಿದರೆ ಸಾಲಕ್ಕೆ ಸಹಿ ಹಾಕಿ. ತುಂಬದಿದ್ದರೆ ಒಂದು ವರ್ಷ ಬಾಡಿಗೆ ಗಾಡಿಯಲ್ಲೇ ಕೆಲಸ ಹಿಡಿಯಿರಿ. ಕಮಿಷನ್ನಷ್ಟೇ ಉಳಿದರೂ ಗಿರಾಕಿ ನಿಮ್ಮವರಾಗುತ್ತಾರೆ, ಇಎಂಐ ಇನ್ನೊಬ್ಬರದ್ದಾಗಿರುತ್ತದೆ.