ಮಿನಿ ಟ್ರ್ಯಾಕ್ಟರ್ ಇಂಜಿನ್: ರಿಪೇರಿ ಮಾಡಿಸೋದಾ, ಬದಲಿಸೋದಾ?

ಅಡಿಕೆ, ತೆಂಗು, ದಾಳಿಂಬೆ ತೋಟಗಳಲ್ಲಿ ಮಿನಿ ಟ್ರ್ಯಾಕ್ಟರ್ ಈಗ ಎತ್ತಿನ ಜಾಗಕ್ಕೆ ಬಂದಿದೆ. 9 ಅಡಿ ಅಂತರದ ಅಡಿಕೆ ಸಾಲಿನಲ್ಲಿ ದೊಡ್ಡ ಗಾಡಿ ತಿರುಗೋದಿಲ್ಲ. ಕಳೆನಾಶಕ ಹೊಡೆಯದ ನನ್ನಂಥ ಸಾವಯವ ಬೆಳೆಗಾರರಿಗಂತೂ ರೋಟವೇಟರ್, ಕಳೆ ಕತ್ತರಿಸೋ ಯಂತ್ರದ ಕೆಲಸ ವರ್ಷಪೂರ್ತಿ ಇರುತ್ತೆ. ಹಾಗಾಗಿ ಎಂಟು ಹತ್ತು ವರ್ಷಕ್ಕೆ ಇಂಜಿನ್ ಸುಸ್ತಾಗೋದು ಸಹಜ.

ಆಗ ಮೂರು ಮಾತು ಕೇಳಿಬರುತ್ತೆ. "ಇಂಜಿನ್ ಬೋರಿಗೆ ಬಂದಿದೆ, ಬಿಚ್ಚಬೇಕು" ಅಂತಾರೆ ಮೆಕ್ಯಾನಿಕ್. "ಹಳೇದು ಕೊಟ್ಟು ಹೊಸದು ತಗೊಳ್ಳಿ" ಅಂತಾರೆ ಶೋರೂಮಿನವರು. "ಇನ್ನೊಂದು ಸಾಲ ಬೇಡ" ಅಂತಾರೆ ಮನೆಯವರು. ಮೂವರಲ್ಲಿ ಯಾರ ಮಾತು ಸರಿ ಅಂತ ಹೇಳೋದು ಅಳತೆ ಮತ್ತು ಲೆಕ್ಕ ಮಾತ್ರ. ಅದನ್ನ ಹಂತ ಹಂತವಾಗಿ ನೋಡೋಣ.

ಹಂತ 1: ತಪ್ಪು ಇಂಜಿನ್ನಿನದ್ದೇನಾ?

ಪವರ್ ಇಲ್ಲ, ಹೊಗೆ ಬರುತ್ತೆ ಅಂದ ಕೂಡಲೇ ಇಂಜಿನ್ ಬಿಚ್ಚಬೇಕಿಲ್ಲ. ಮೊದಲು ಕಡಿಮೆ ಖರ್ಚಿನ ಕೆಲಸಗಳನ್ನ ಮುಗಿಸಿ.

- ಏರ್ ಫಿಲ್ಟರ್ ಕ್ಲೀನ್ ಮಾಡಿ. ಆಯಿಲ್ ಇರುವ ಫಿಲ್ಟರ್ ಆದ್ರೆ ತಳದಲ್ಲಿ ಕೂತ ಕೆಸರು ತೆಗೆದು ಹೊಸ ಆಯಿಲ್ ಹಾಕಿ. ಫಿಲ್ಟರಿನಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಪೈಪಿನಲ್ಲಿ ಬಿರುಕು ಇದೆಯಾ, ಕ್ಲಿಪ್ ಸಡಿಲವಾಗಿದೆಯಾ ನೋಡಿ.
- ಡೀಸೆಲ್ ಫಿಲ್ಟರ್ ಬದಲಿಸಿ, ಗಾಳಿ ತೆಗೆಯಿರಿ.
- ನಾಜಲ್‌ಗಳನ್ನ ಪಂಪ್ ರಿಪೇರಿ ಅಂಗಡಿಯಲ್ಲಿ ಟೆಸ್ಟ್ ಮಾಡಿಸಿ. ಮಂಜಿನ ಹಾಗೆ ಸಿಡಿಯಬೇಕು, ತೊಟ್ಟಿಕ್ಕಬಾರದು.
- ಟ್ಯಾಪೆಟ್ ಗ್ಯಾಪ್ ಸೆಟ್ ಮಾಡಿಸಿ.
- ರೇಡಿಯೇಟರ್ ಜಾಲರಿಯಲ್ಲಿ ಹುಲ್ಲಿನ ಬೀಜ, ಹೊಟ್ಟು ತುಂಬಿದೆಯಾ ನೋಡಿ. ತೋಟದಲ್ಲಿ ಓಡುವ ಗಾಡಿಗೆ ಇದು ಮಾಮೂಲಿ ಕಾಯಿಲೆ.
- ಕ್ಲಚ್ ಜಾರುತ್ತಿದ್ರೂ ಪವರ್ ಇಲ್ಲ ಅನ್ನಿಸುತ್ತೆ. ಇಂಜಿನ್ ಸ್ಪೀಡ್ ಇಳಿಯದೆ ಗಾಡಿ ಮಾತ್ರ ನಿಲ್ಲುತ್ತಿದ್ರೆ ತಪ್ಪು ಕ್ಲಚ್ಚಿನದ್ದು.

ಹಂತ 2: ಹೊಗೆ ಮತ್ತು ಆಯಿಲ್ ಏನು ಹೇಳುತ್ತೆ?

ಕಪ್ಪು ಹೊಗೆ ಅಂದ್ರೆ ಗಾಳಿ ಕಡಿಮೆ ಅಥವಾ ಡೀಸೆಲ್ ಜಾಸ್ತಿ. ಹೆಚ್ಚಿನ ಸಲ ಇದು ಫಿಲ್ಟರ್, ನಾಜಲ್ ಅಥವಾ ಪಂಪಿನ ವಿಷಯ.

ನೀಲಿ ಹೊಗೆ ಅಂದ್ರೆ ಇಂಜಿನ್ ಆಯಿಲ್ ಸುಡುತ್ತಿದೆ. ರಿಂಗ್, ಲೈನರ್ ಸವೆದಿರಬಹುದು, ಅಥವಾ ವಾಲ್ವ್ ಗೈಡ್ ಸಡಿಲವಾಗಿರಬಹುದು.

ಬಿಳಿ ಹೊಗೆ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಹೊತ್ತು ಬಂದು ನಿಂತರೆ ಚಿಂತೆ ಬೇಡ. ಇಂಜಿನ್ ಬಿಸಿಯಾದ ಮೇಲೂ ಬರ್ತಾ ಇದ್ದು, ರೇಡಿಯೇಟರ್ ನೀರೂ ಕಮ್ಮಿ ಆಗ್ತಿದ್ರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಇಲ್ಲವೇ ಹೆಡ್ ಅಥವಾ ಬ್ಲಾಕ್ ಬಿರುಕು ಬಿಟ್ಟಿರಬಹುದು. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಬೆರೆಸಿದ ಕಾಫಿ ಥರ ಕಂಡರೆ ಗಾಡಿ ಓಡಿಸೋದನ್ನ ಅಲ್ಲಿಗೇ ನಿಲ್ಲಿಸಿ. ನೀರು ಬೆರೆತ ಆಯಿಲ್ ಬೇರಿಂಗ್‌ಗಳನ್ನ ಬೇಗ ತಿಂದುಹಾಕುತ್ತೆ.

ಇನ್ನೊಂದು ಸುಲಭದ ಪರೀಕ್ಷೆ ಇದೆ. ಇಂಜಿನ್ ಬಿಸಿಯಾಗಿ ಸ್ಲೋ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ನಿಧಾನವಾಗಿ ತೆಗೆದು ನೋಡಿ. ತೆಳು ಹಬೆ ಬಂದ್ರೆ ಸರಿ. ಬುಸ್ ಬುಸ್ ಅಂತ ಜೋರಾಗಿ ಹೊಗೆ ತಳ್ಳಿದ್ರೆ ರಿಂಗ್ ದಾಟಿ ಗ್ಯಾಸ್ ಕೆಳಗೆ ಇಳೀತಿದೆ ಅಂತ ಅರ್ಥ. ಇದನ್ನ ಫೋನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ, ಇಬ್ಬರು ಮೆಕ್ಯಾನಿಕ್‌ಗಳಿಗೆ ಕಳಿಸಿ ಅಭಿಪ್ರಾಯ ಕೇಳಬಹುದು.

ಹಂತ 3: ಕಂಪ್ರೆಷನ್ ಟೆಸ್ಟ್

ಬಿಚ್ಚುವ ಮೊದಲು ಈ ಟೆಸ್ಟ್ ಆಗಲೇಬೇಕು ಅನ್ನೋದು ನನ್ನ ಹಟ. ಡೀಸೆಲ್ ಇಂಜಿನ್ನಿಗೆಂದೇ ಇರುವ ಗೇಜ್ ಬೇಕು, ಬೈಕ್ ಮೆಕ್ಯಾನಿಕ್‌ನ ಪೆಟ್ರೋಲ್ ಗೇಜ್ ಈ ಒತ್ತಡ ತಡೆಯೋದಿಲ್ಲ. ಬ್ಯಾಟರಿ ಫುಲ್ ಇರಬೇಕು, ಇಂಜಿನ್ ಬಿಸಿ ಇರಬೇಕು, ಡೀಸೆಲ್ ಬಂದ್ ಮಾಡಿರಬೇಕು. ನಾಜಲ್ ಅಥವಾ ಗ್ಲೋ ಪ್ಲಗ್ ಜಾಗದಲ್ಲಿ ಗೇಜ್ ಕೂರಿಸಿ ಸೆಲ್ಫ್ ಹೊಡೆದು ರೀಡಿಂಗ್ ಬರೆದುಕೊಳ್ಳಬೇಕು.

ನಿಮ್ಮ ಮಾಡೆಲ್‌ಗೆ ಎಷ್ಟಿರಬೇಕು, ಕನಿಷ್ಠ ಎಷ್ಟು ಅನ್ನೋದು ಸರ್ವಿಸ್ ಮ್ಯಾನ್ಯುಯಲ್‌ನಲ್ಲಿದೆ, ಸರ್ವಿಸ್ ಸೆಂಟರಿನಲ್ಲಿ ಕೇಳಿ. ಮಹೀಂದ್ರ ಯುವರಾಜ್ 215, ಸ್ವರಾಜ್ 717 ಥರದ ಒಂದೇ ಸಿಲಿಂಡರಿನ ಗಾಡಿಗಳಿಗೆ ಈ ಅಂಕಿಯೇ ಆಧಾರ. ವಿಎಸ್‌ಟಿ ಎಂಟಿ 180ಡಿ, ಕುಬೋಟಾ ನಿಯೋಸ್ಟಾರ್ ಥರದ ಮೂರು ಸಿಲಿಂಡರಿನ ಗಾಡಿಗಳಲ್ಲಿ ಸಿಲಿಂಡರುಗಳ ನಡುವಿನ ವ್ಯತ್ಯಾಸವನ್ನೂ ನೋಡಬೇಕು.

ರೀಡಿಂಗ್ ಕಡಿಮೆ ಬಂದ ಸಿಲಿಂಡರಿಗೆ ಒಂದು ಟೀ ಚಮಚದಷ್ಟು ಇಂಜಿನ್ ಆಯಿಲ್ ಬಿಟ್ಟು ಮತ್ತೆ ಟೆಸ್ಟ್ ಮಾಡಿ. ರೀಡಿಂಗ್ ಚೆನ್ನಾಗಿ ಏರಿದ್ರೆ ರಿಂಗ್, ಲೈನರ್ ಸವೆದಿದೆ. ಏರದಿದ್ರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಲೀಕ್ ಇದೆ. ಆಯಿಲ್ ಜಾಸ್ತಿ ಸುರಿಯಬೇಡಿ. ಡೀಸೆಲ್ ಇಂಜಿನ್ನಿನಲ್ಲಿ ಪಿಸ್ಟನ್ ಮೇಲಿನ ಜಾಗ ತುಂಬಾ ಚಿಕ್ಕದು, ಆಯಿಲ್ ತುಂಬಿ ಪಿಸ್ಟನ್ ತಡೆದರೆ ಕನೆಕ್ಟಿಂಗ್ ರಾಡ್ ಬಾಗುತ್ತೆ.

ಜೊತೆಗೆ ಆಯಿಲ್ ಪ್ರೆಷರ್ ಕೂಡ ಮೆಕ್ಯಾನಿಕಲ್ ಗೇಜ್ ಹಾಕಿ ನೋಡಿಸಿ. ಆಯಿಲ್ ಗ್ರೇಡ್, ಫಿಲ್ಟರ್, ಸೆನ್ಸರ್ ಎಲ್ಲಾ ಸರಿಯಿದ್ದೂ ಬಿಸಿಯಾದಾಗ ಪ್ರೆಷರ್ ಬಿದ್ದುಹೋಗ್ತಿದ್ರೆ ಬೇರಿಂಗ್ ಅಥವಾ ಆಯಿಲ್ ಪಂಪ್ ಸವೆದಿರೋ ಸಾಧ್ಯತೆ ಹೆಚ್ಚು. ಖರ್ಚು "ಹಾಫ್" ಇಂಜಿನ್ನಿಗೆ ನಿಲ್ಲುತ್ತಾ, "ಫುಲ್" ಇಂಜಿನ್ನಿಗೆ ಹೋಗುತ್ತಾ ಅನ್ನೋದರ ಮೊದಲ ಸುಳಿವು ಇಲ್ಲೇ ಸಿಗೋದು.

ಹಂತ 4: ಮೂರು ಮಟ್ಟದ ರಿಪೇರಿ

1. ಹೆಡ್ ಕೆಲಸ: ವಾಲ್ವ್ ಕೂರಿಸೋದು, ಗೈಡ್, ಹೆಡ್ ಫೇಸಿಂಗ್, ಗ್ಯಾಸ್ಕೆಟ್.
2. ಹಾಫ್ ಇಂಜಿನ್: ಇದರ ಜೊತೆ ಲೈನರ್, ಪಿಸ್ಟನ್, ರಿಂಗ್ ಹಾಗೂ ಕನೆಕ್ಟಿಂಗ್ ರಾಡ್ ಬೇರಿಂಗ್.
3. ಫುಲ್ ಇಂಜಿನ್: ಕ್ರ್ಯಾಂಕ್ ಇಳಿಸಿ ಗ್ರೈಂಡಿಂಗ್, ಮೇನ್ ಬೇರಿಂಗ್, ಆಯಿಲ್ ಪಂಪ್, ಸೀಲ್‌ಗಳು, ಪಂಪ್ ಕ್ಯಾಲಿಬ್ರೇಷನ್ ಎಲ್ಲಾ.

ಮೆಕ್ಯಾನಿಕ್ ಜೊತೆ ಮೊದಲೇ ಒಪ್ಪಂದ ಮಾಡ್ಕೊಳ್ಳಿ: ಬಿಚ್ಚಿದ ಮೇಲೆ ಅಳತೆ, ಅಳತೆ ಆದ ಮೇಲೆ ದರ, ದರ ಒಪ್ಪಿದ ಮೇಲೆ ಸಾಮಾನು. ಬೋರ್ ಅಳತೆಯನ್ನ ಲೇತ್ ಅಂಗಡಿಯಲ್ಲಿ ಡಯಲ್ ಗೇಜ್ ಹಾಕಿ ಮೇಲೆ, ಮಧ್ಯೆ, ಕೆಳಗೆ, ಎರಡೂ ದಿಕ್ಕಿನಲ್ಲಿ ತೆಗೆಸಿ. ಕ್ರ್ಯಾಂಕಿಗೆ ಮೈಕ್ರೋಮೀಟರ್ ಹಿಡಿಸಿ. ಬೆರಳಿನಿಂದ ಸವರಿ "ಸವೆದಿದೆ" ಅಂದ್ರೆ ಒಪ್ಪಬೇಡಿ. ಪ್ರತಿ ಅಳತೆಯ ಫೋಟೋ, ತೆಗೆದ ಪ್ರತಿ ಬಿಡಿಭಾಗದ ಫೋಟೋ ನಿಮ್ಮ ಫೋನಲ್ಲಿರಲಿ. ಹಳೇ ಸಾಮಾನನ್ನ ವಾಪಸ್ ಕೇಳಿ ತಗೊಳ್ಳಿ.

ನಮ್ಮ ಗಾಡಿದೇ ಉದಾಹರಣೆ ಕೊಡ್ತೀನಿ. ಮೂರು ಸಿಲಿಂಡರ್, ಒಂಬತ್ತು ವರ್ಷ, ಮೀಟರಿನಲ್ಲಿ 2,900 ಗಂಟೆ. ಕಂಪ್ರೆಷನ್ 26, 25 ಮತ್ತು 17 ಕೆಜಿ ಬಂತು. ಮೂರನೇದಕ್ಕೆ ಆಯಿಲ್ ಬಿಟ್ಟಾಗ 23ಕ್ಕೆ ಏರಿತು, ಅಂದ್ರೆ ರಿಂಗ್. ಆಯಿಲ್ ಪ್ರೆಷರ್ ಚೆನ್ನಾಗಿತ್ತು. ಬಿಚ್ಚಿದಾಗ ಕ್ರ್ಯಾಂಕ್ ಅಳತೆ ಮಿತಿಯೊಳಗೇ ಇತ್ತು. "ಹೆಂಗೂ ಬಿಚ್ಚಿದೀವಿ, ಕ್ರ್ಯಾಂಕೂ ಹೊಡೆಸಿಬಿಡಣ" ಅಂದ್ರು. ಅಳತೆಯ ಚೀಟಿ ಕೈಯಲ್ಲಿದ್ದದ್ದರಿಂದ ಬೇಡ ಅಂತ ಹೇಳೋದು ಸುಲಭವಾಯ್ತು. ಹಾಫ್ ಇಂಜಿನ್ನಿಗೇ ಮುಗಿಸಿದ್ವಿ. ಆಮೇಲೆ 600 ಗಂಟೆ ಓಡಿದೆ, ಆಯಿಲ್ ಮಟ್ಟ ಇಳಿದಿಲ್ಲ.

ಪಕ್ಕದ ತೋಟದ ಅಣ್ಣನ ಒಂದೇ ಸಿಲಿಂಡರಿನ ಗಾಡಿ ಕಥೆ ಬೇರೆ. ರೇಡಿಯೇಟರ್ ಕಟ್ಟಿಕೊಂಡು ಇಂಜಿನ್ ಕಾದು, ಬ್ಲಾಕಿನಲ್ಲಿ ಬಿರುಕು ಬಿಟ್ಟಿತ್ತು. ಕ್ರ್ಯಾಂಕ್ ಹಿಂದೆಯೇ 0.50 ಎಂಎಂ ಇಳಿಸಿ ಗ್ರೈಂಡಿಂಗ್ ಆಗಿತ್ತು, ಅದಕ್ಕಿಂತ ಇಳಿಸಿದ್ರೆ ಹೊಂದುವ ಬೇರಿಂಗ್ ಸಿಗ್ತಿರಲಿಲ್ಲ. ಹೈಡ್ರಾಲಿಕ್ ಕೂಡ ಭಾರ ಎತ್ತುತ್ತಿರಲಿಲ್ಲ. ಅಲ್ಲಿ ರಿಪೇರಿ ಬೇಡ ಅಂತ ನಾನೇ ಹೇಳಿದೆ. ಇದ್ದ ಸ್ಥಿತಿಯಲ್ಲೇ ಮಾರಿ ಬೇರೆ ಗಾಡಿ ತಗೊಂಡ್ರು.

ಬದಲಿಸೋದೇ ವಾಸಿ ಅನ್ನುವ ಲಕ್ಷಣಗಳು

- ಬ್ಲಾಕ್ ಬಿರುಕು, ಅಥವಾ ರಾಡ್ ಮುರಿದು ಬ್ಲಾಕ್ ತೂತಾಗಿರೋದು.
- ಕ್ರ್ಯಾಂಕ್ ಕೊನೇ ಅಂಡರ್‌ಸೈಜ್ ದಾಟಿರೋದು, ಹೊಸ ಕ್ರ್ಯಾಂಕ್ ಸಿಗದಿರೋದು.
- ಗೇರ್ ಬಾಕ್ಸ್, ಹೈಡ್ರಾಲಿಕ್, ಟೈರ್ ಎಲ್ಲವೂ ಒಟ್ಟಿಗೇ ಮುಗಿದಿರೋದು.
- ಆ ಮಾಡೆಲಿನ ಬಿಡಿಭಾಗಕ್ಕೆ ವಾರಗಟ್ಟಲೆ ಕಾಯಬೇಕಾಗಿರೋದು.

"ಬದಲಿಸೋದು" ಅಂದ್ರೆ ಇಡೀ ಟ್ರ್ಯಾಕ್ಟರೇ ಆಗಬೇಕಿಲ್ಲ. ಅಪಘಾತವಾದ ಗಾಡಿಯಿಂದ ತೆಗೆದ ಸೆಕೆಂಡ್ ಹ್ಯಾಂಡ್ ಇಂಜಿನ್ನೂ ಸಿಗುತ್ತೆ. ಆದ್ರೆ ಓಡಿಸಿ, ಕಂಪ್ರೆಷನ್ ನೋಡಿ, ಬಿಲ್ ಪಡೆದು ಮಾತ್ರ ತಗೊಳ್ಳಿ. ನೆಲದ ಮೇಲೆ ಬಿದ್ದಿರೋ ಇಂಜಿನ್ನಿನ ಬಗ್ಗೆ "ಗ್ಯಾರಂಟಿ" ಅಂದ್ರೆ ನಂಬಬೇಡಿ. ಇನ್ನೊಂದು ಮುಖ್ಯ ವಿಷಯ: ಆರ್‌ಸಿಯಲ್ಲಿ ಚಾಸಿ ನಂಬರ್ ಜೊತೆ ಇಂಜಿನ್ ನಂಬರೂ ಇರುತ್ತೆ. ಬೇರೆ ಇಂಜಿನ್ ಕೂರಿಸಿದ್ರೆ ಆರ್‌ಟಿಒದಲ್ಲಿ ದಾಖಲೆ ಸರಿಪಡಿಸಬೇಕು, ಸಾಲ ಇದ್ರೆ ಬ್ಯಾಂಕಿಗೂ ತಿಳಿಸಬೇಕು. ಇಲ್ಲದಿದ್ರೆ ಇನ್ಶೂರೆನ್ಸ್ ಕ್ಲೇಮು, ಮಾರಾಟ ಎರಡೂ ಕಡೆ ಸಿಕ್ಕಿಹಾಕಿಕೊಳ್ತೀರಿ.

ಹಂತ 5: ಗಂಟೆ ಲೆಕ್ಕ

ಕೆಳಗಿನ ಅಂಕಿಗಳು ಲೆಕ್ಕ ತೋರಿಸೋದಕ್ಕೆ ಇಟ್ಟುಕೊಂಡಿದ್ದು. ನಿಮ್ಮೂರಿನ ಕೊಟೇಶನ್ ಹಾಕಿ ಫೋನಿನ ಕ್ಯಾಲ್ಕುಲೇಟರಿನಲ್ಲೇ ಮಾಡಬಹುದು. ವರ್ಷಕ್ಕೆ 300 ಗಂಟೆ ಕೆಲಸ ಅಂತ ಇಟ್ಕೊಳ್ಳಿ.

ರಿಪೇರಿ ಮಾಡಿಸಿದ್ರೆ: ಫುಲ್ ಇಂಜಿನ್ 80,000, ಕ್ಲಚ್ ಮತ್ತು ಇತರೆ 25,000. ಇದಕ್ಕೆ ಗಾಡಿಯ ಇವತ್ತಿನ ಬೆಲೆ 1,00,000 ಸೇರಿಸಿ. ಇದನ್ನ ತುಂಬಾ ಜನ ಮರೀತಾರೆ. ಮಾರದೆ ಇಟ್ಕೊಂಡ್ರೆ ಆ ಹಣವನ್ನ ಗಾಡಿಗೇ ಹಾಕಿದ ಹಾಗೆ. ಒಟ್ಟು 2,05,000. ಆರು ವರ್ಷದ ಮೇಲೆ 60,000ಕ್ಕೆ ಮಾರಿದ್ರೆ ನಿವ್ವಳ ಖರ್ಚು 1,45,000. 1,800 ಗಂಟೆಗೆ ಭಾಗಿಸಿದ್ರೆ ಗಂಟೆಗೆ ಸುಮಾರು 81 ರೂಪಾಯಿ.

ಹೊಸದು ತಗೊಂಡ್ರೆ: ಬೆಲೆ 4,80,000. ಹಳೇದರ ಒಂದು ಲಕ್ಷ ಕಟ್ಟಿ ಉಳಿದ 3,80,000ಕ್ಕೆ ಶೇ. 10ರ ಬಡ್ಡಿಯಲ್ಲಿ ಐದು ವರ್ಷದ ಮಾಸಿಕ ಕಂತು ಮಾಡಿದ್ರೆ ಬಡ್ಡಿಯೇ ಸುಮಾರು 1,04,000. ಒಟ್ಟು 5,84,000. ಹತ್ತು ವರ್ಷದ ಮೇಲೆ 1,20,000ಕ್ಕೆ ಮಾರಿದ್ರೆ ನಿವ್ವಳ 4,64,000. 3,000 ಗಂಟೆಗೆ ಭಾಗಿಸಿದ್ರೆ ಗಂಟೆಗೆ ಸುಮಾರು 155 ರೂಪಾಯಿ.

ರಿಪೇರಿಯೇ ಗೆದ್ದಿತು ಅನ್ಸುತ್ತೆ ಅಲ್ವಾ? ಸ್ವಲ್ಪ ತಡೀರಿ. ಅದೇ ಇಂಜಿನ್ ಎರಡೇ ವರ್ಷ, 600 ಗಂಟೆ ಓಡಿ ಕೂತುಬಿಟ್ರೆ ಗಂಟೆಗೆ 242 ರೂಪಾಯಿ ಬೀಳುತ್ತೆ. ಎರಡೂ ಸಮ ಆಗೋದು 935 ಗಂಟೆಗೆ, ಅಂದ್ರೆ ಮೂರು ವರ್ಷಕ್ಕೆ. ಹಾಗಾಗಿ ಮೆಕ್ಯಾನಿಕ್‌ಗೆ ಕೇಳಬೇಕಾದ ಪ್ರಶ್ನೆ "ಎಷ್ಟಾಗುತ್ತೆ?" ಅಲ್ಲ, "ಮೂರು ವರ್ಷ ಓಡುತ್ತಾ?" ಅನ್ನೋದು. ಹಿಂದೆ ಅವರು ಮಾಡಿಕೊಟ್ಟ ಗಾಡಿಗಳ ಮಾಲೀಕರಲ್ಲಿ ಇಬ್ಬರಿಗೆ ಫೋನ್ ಮಾಡಿ ವಿಚಾರಿಸಿ.

ಹೊಸದರ ಕಡೆ ತೂಕ ಹೆಚ್ಚಿಸೋ ಎರಡು ವಿಷಯಗಳಿವೆ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ, ಹಳೇ ಕೊಟೇಶನ್ ಇಟ್ಕೊಂಡು ಲೆಕ್ಕ ಹಾಕಬೇಡಿ. ಎರಡನೇದು ಸಹಾಯಧನ. ರೈತ ಸಂಪರ್ಕ ಕೇಂದ್ರ ಮತ್ತು ತೋಟಗಾರಿಕೆ ಇಲಾಖೆ ಎರಡೂ ಕಡೆ ಈ ವರ್ಷ ಮಿನಿ ಟ್ರ್ಯಾಕ್ಟರಿಗೆ ಅನುದಾನ ಇದೆಯಾ ಅಂತ ಫ್ರೂಟ್ಸ್ ಐಡಿ ಹಿಡಿದು ವಿಚಾರಿಸಿ. ಇಲಾಖೆಯ ಮಂಜೂರಾತಿ ಬರೋ ಮೊದಲು ಗಾಡಿ ಖರೀದಿ ಮಾಡಬೇಡಿ.

ವರ್ಷಕ್ಕೆ 100 ಗಂಟೆಯೂ ಕೆಲಸ ಇಲ್ವಾ? ಹಾಗಾದ್ರೆ ಎರಡೂ ಬೇಡ. ಕೃಷಿ ಯಂತ್ರಧಾರೆ ಕೇಂದ್ರದ ಬಾಡಿಗೆ ದರ ಕೇಳಿ ನೋಡಿ. ಆದ್ರೆ ಹದ ಬಂದ ದಿನ ಗಾಡಿ ಸಿಗುತ್ತಾ ಅನ್ನೋದನ್ನೂ ತೂಗಿ ನೋಡಬೇಕು.

ರಿಪೇರಿ ಆದ ಮೇಲೆ

- ಮೊದಲ 50 ಗಂಟೆ ರೋಟವೇಟರ್ ಆಳ ಬಿಡಬೇಡಿ, ಪೂರ್ತಿ ಲೋಡ್ ಬೇಡ. ಹಾಗಂತ ಸುಮ್ನೆ ಸ್ಲೋದಲ್ಲಿ ಗಂಟೆಗಟ್ಟಲೆ ಬಿಡೋದೂ ಬೇಡ, ರಿಂಗ್ ಸರಿಯಾಗಿ ಕೂರೋದಿಲ್ಲ. ಹಗುರ ಕೆಲಸ ಕೊಡಿ.
- 50 ಗಂಟೆಗೆ ಆಯಿಲ್, ಫಿಲ್ಟರ್ ಬದಲಿಸಿ. ಮ್ಯಾನ್ಯುಯಲ್ ಹೇಳಿದ್ರೆ ಹೆಡ್ ಬೋಲ್ಟ್ ಟಾರ್ಕ್ ರೆಂಚಿನಿಂದ ಮತ್ತೆ ಬಿಗಿಸಿ.
- ಒಣ ಮಣ್ಣಿನಲ್ಲಿ ರೋಟವೇಟರ್ ಹೊಡೆಯುವಾಗ ಏರ್ ಫಿಲ್ಟರ್ ದಿನಾ ನೋಡಿ. ರಿಂಗು, ಲೈನರನ್ನ ಎಲ್ಲಕ್ಕಿಂತ ಬೇಗ ಸವೆಸೋದು ದೂಳು.
- ಸುಟ್ಟ ಆಯಿಲನ್ನ ತೋಟಕ್ಕೆ, ಬದುವಿಗೆ ಚೆಲ್ಲಬೇಡಿ, ಗೆದ್ದಲಿಗೆ ಅಂತ ಮರದ ಬುಡಕ್ಕೂ ಸವರಬೇಡಿ. ಕ್ಯಾನಿನಲ್ಲಿ ತುಂಬಿ ಹಳೇ ಆಯಿಲ್ ಕೊಳ್ಳುವವರಿಗೆ ಕೊಡಿ.

ಕೊನೇದಾಗಿ ಸಮಯದ ಮಾತು. ಲೇತ್ ಅಂಗಡಿಗಳಲ್ಲಿ ಮುಂಗಾರಿಗೆ ಮೊದಲು ಸಾಲು ಇರುತ್ತೆ, ಆಗ ಅವಸರಕ್ಕೆ ಅಳತೆ ಬಿಟ್ಟುಹೋಗುತ್ತೆ. ಗಾಡಿ ಆಯಿಲ್ ಕುಡೀತಿದೆ ಅಂತ ಈಗಲೇ ಅನುಮಾನ ಇದ್ರೆ ಈ ವಾರವೇ ಕಂಪ್ರೆಷನ್ ಟೆಸ್ಟ್ ಮಾಡಿಸಿ, ರೀಡಿಂಗ್ ಬರೆದಿಡಿ. ಬಿಚ್ಚೋದು ಕೆಲಸ ಕಡಿಮೆ ಇರೋ ತಿಂಗಳಲ್ಲಿ ಆಗಲಿ.