ಊರಿಗಾಂನಿಂದ ನಂದಿಯವರೆಗೆ ರುಚಿ ಪ್ರವಾಸ: ಪರೀಕ್ಷೆಗೆ ಬೇಕಾದ ಮುಖ್ಯಾಂಶಗಳು

ಇಟಲಿಯ ಬೆಟ್ಟದೂರುಗಳಲ್ಲಿ ಊಟ ಮತ್ತು ವೈನ್ ಅರಸಿ ತಿರುಗುವ ಪ್ರವಾಸ ಜಗತ್ತಿಗೆಲ್ಲ ಗೊತ್ತು. ಅಂಥದೇ ದಾರಿ ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಸೀಮೆಯಲ್ಲೂ ಇದೆ. ಕೋಲಾರ ಚಿನ್ನದ ಗಣಿ (ಕೆ.ಜಿ.ಎಫ್.) ಪ್ರದೇಶದ ಊರಿಗಾಂನ ಕ್ರಿಸ್‌ಮಸ್ ಅಡುಗೆ, ಬಂಗಾರಪೇಟೆಯ ಪಾನಿಪುರಿ, ಮುಳಬಾಗಿಲು ದೋಸೆ, ಶ್ರೀನಿವಾಸಪುರದ ಮಾವು, ನಂದಿಬೆಟ್ಟದ ಬುಡದ ದ್ರಾಕ್ಷಿತೋಟ ಎಲ್ಲವೂ ಮೂರು ದಿನದ ಓಡಾಟದಷ್ಟು ದೂರದೊಳಗಿವೆ, ಆದರೆ ಎಲ್ಲದರ ಕಾಲ ಒಂದೇ ಅಲ್ಲ. ಇತಿಹಾಸ, ತೋಟಗಾರಿಕೆ, ಸಂವಿಧಾನ, ಪ್ರವಾಸೋದ್ಯಮ ಈ ನಾಲ್ಕೂ ಪತ್ರಿಕೆಗಳಿಗೆ ಇದರಲ್ಲಿ ಸರಕಿದೆ. ಮೊದಲು ಒಂದು ಮಾತು ಗಟ್ಟಿ ಮಾಡಿಕೊಳ್ಳಿ: ರುಚಿ ಪ್ರವಾಸದ ಯೋಜನೆ ಊರುಗಳ ಪಟ್ಟಿಯಿಂದ ಶುರುವಾಗುವುದಿಲ್ಲ, ಬೆಳೆಯ ಕಾಲದಿಂದ ಶುರುವಾಗುತ್ತದೆ.

1. ಸೀಮೆಯ ಪರಿಚಯ

- ಕೋಲಾರ ಜಿಲ್ಲೆ ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದ ಬಯಲುಸೀಮೆ. ಕೆಂಪು ಮಣ್ಣು, ಬಂಡೆಗುಡ್ಡ, ಕೆರೆಗಳ ಸಾಲು. ವರ್ಷವಿಡೀ ಹರಿಯುವ ನದಿ ಇಲ್ಲ.
- ನಂದಿಬೆಟ್ಟದ ಎತ್ತರ 1,478 ಮೀಟರ್. ಪಾಲಾರ್, ದಕ್ಷಿಣ ಪಿನಾಕಿನಿ, ಉತ್ತರ ಪಿನಾಕಿನಿ, ಅರ್ಕಾವತಿ, ಚಿತ್ರಾವತಿ ನದಿಗಳ ಮೂಲ ಈ ಬೆಟ್ಟಸಾಲಿನ ಸುತ್ತಮುತ್ತ ಇದೆ.
- 2007ರಲ್ಲಿ ಕೋಲಾರ ಜಿಲ್ಲೆಯನ್ನು ಒಡೆದು ಚಿಕ್ಕಬಳ್ಳಾಪುರ ಜಿಲ್ಲೆ ಮಾಡಲಾಯಿತು.
- ನೀರಿನ ಕೊರತೆ ನೀಗಲು ಕೆ.ಸಿ. ವ್ಯಾಲಿ ಯೋಜನೆ ಬಂತು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಯೋಜನೆ ಇದು. 2018ರ ಜೂನ್‌ನಲ್ಲಿ ನೀರು ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಅಂತರ್ಜಲ ಮರುಪೂರಣವೇ ಇದರ ಉದ್ದೇಶ. ಮೂರನೇ ಹಂತದ ಶುದ್ಧೀಕರಣ ಬೇಕೆಂಬುದು ರೈತರ ಬಹುದಿನದ ಬೇಡಿಕೆ.

2. ರುಚಿಗಳನ್ನು ಪೋಣಿಸಿದ ರೈಲು ದಾರಿ

- ಬಂಗಾರಪೇಟೆಯ ಹಳೆಯ ಹೆಸರು ಬೌರಿಂಗ್‌ಪೇಟೆ. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಿನಿಂದ ಬಂದದ್ದು.
- ಬಂಗಾರಪೇಟೆಯಿಂದ ಚಿನ್ನದ ಗಣಿಗಳಿಗೆ ಕವಲು ಹಳಿ ಬಿದ್ದದ್ದು 1894ರಲ್ಲಿ. ಕೋರಮಂಡಲ್, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ ಈ ಹಳಿಯ ನಿಲ್ದಾಣಗಳು. ಮಾರಿಕುಪ್ಪಂ ಕೊನೆಯದು.
- ಬಂಗಾರಪೇಟೆಯಿಂದಲೇ ಇನ್ನೊಂದು ಹಳಿ ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ನಂದಿ, ದೇವನಹಳ್ಳಿ ದಾಟಿ ಯಲಹಂಕ ಸೇರುತ್ತದೆ. ಇದು 1910ರ ದಶಕದ ನ್ಯಾರೋಗೇಜ್ ಹಳಿ. ಕೋಲಾರ–ಚಿಕ್ಕಬಳ್ಳಾಪುರ ಭಾಗ ಬ್ರಾಡ್‌ಗೇಜ್ ಆದದ್ದು 2013ರಲ್ಲಿ.
- ಮುದ್ದೆಯ ಸೀಮೆ, ಮಾವಿನ ಸೀಮೆ, ದ್ರಾಕ್ಷಿಯ ಸೀಮೆ ಮೂರೂ ಈ ಹಳಿಗೆ ಅಂಟಿಕೊಂಡಿವೆ. ಮುಳಬಾಗಿಲು ಮಾತ್ರ ಹಳಿಯ ಮೇಲಿಲ್ಲ. ಕೋಲಾರದಿಂದ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಸುಮಾರು 30 ಕಿ.ಮೀ. ಹೋಗಬೇಕು.

3. ಊರಿಗಾಂ: ಗಣಿಯ ಊರು, ಹಲವು ಒಲೆ

- ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಲ್ಲಿ ಇಲ್ಲಿ ಕೆಲಸ ಶುರು ಮಾಡಿತು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ, ಬಾಲಘಾಟ್ ಮುಖ್ಯ ಗಣಿಗಳು.
- ಚಾಂಪಿಯನ್ ರೀಫ್ ಗಣಿಯ ಆಳ ಸುಮಾರು 3.2 ಕಿ.ಮೀ.
- 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರದ ತಂತಿಯಲ್ಲಿ ಗಣಿಗೆ ವಿದ್ಯುತ್ ಬಂತು. ಕುಡಿಯುವ ನೀರು ಬಂದದ್ದು ಪಾಲಾರ್ ನದಿಯ ಬೇತಮಂಗಲ ಕೆರೆಯಿಂದ.
- 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶಕ್ಕೆ, 1962ರಲ್ಲಿ ಕೇಂದ್ರದ ವಶಕ್ಕೆ ಬಂದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆಯಿತು. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು.
- ಗಣಿ ಜನರನ್ನು ಕರೆಸಿತು, ಜನ ತಮ್ಮ ಅಡುಗೆ ತಂದರು. ತಮಿಳು, ತೆಲುಗು, ಕನ್ನಡ ಮಾತಾಡುವ ಕಾರ್ಮಿಕರು, ಬ್ರಿಟಿಷ್ ಅಧಿಕಾರಿಗಳು, ಆಂಗ್ಲೋ-ಇಂಡಿಯನ್ ಕುಟುಂಬಗಳು ಇಲ್ಲಿ ನೆಲೆಸಿದರು. ಇಟಲಿಯ ಗಣಿ ಕೆಲಸಗಾರರೂ ಇಲ್ಲಿ ದುಡಿದಿದ್ದಾರೆ.
- ಆಂಗ್ಲೋ-ಇಂಡಿಯನ್ ಮನೆಯ ಗುರುತು: ತೆಂಗಿನ ಹಾಲಿನ ಹಳದಿ ಅನ್ನ, ಖೈಮಾ ಉಂಡೆಯ ಬಾಲ್ ಕರಿ, ಕ್ರಿಸ್‌ಮಸ್‌ಗೆ ಕುಲ್‌ಕುಲ್ ಮತ್ತು ರೋಸ್ ಕುಕೀಸ್. ಈ ಅಡುಗೆಯನ್ನು ಪುಸ್ತಕಗಳಲ್ಲಿ ದಾಖಲಿಸಿದ ಬ್ರಿಜೆಟ್ ವೈಟ್-ಕುಮಾರ್ ಕೆ.ಜಿ.ಎಫ್.ನಲ್ಲೇ ಹುಟ್ಟಿ ಬೆಳೆದವರು.
- ಕ್ರಿಸ್‌ಮಸ್‌ಗೆ ಮನೆಯಲ್ಲೇ ದ್ರಾಕ್ಷಿ ವೈನ್ ಹಾಕುವುದು ಈ ಕುಟುಂಬಗಳ ಹಳೆಯ ವಾಡಿಕೆ. ಕಪ್ಪು ದ್ರಾಕ್ಷಿಯನ್ನು ತೊಳೆದು, ಒರೆಸಿ, ಕಿವುಚಿ ಪಿಂಗಾಣಿ ಭರಣಿಗೆ ಹಾಕುತ್ತಾರೆ. ಸಕ್ಕರೆ, ಯೀಸ್ಟ್, ಒಂದು ಹಿಡಿ ಗೋಧಿ ಸೇರಿಸಿ ಬಾಯಿಗೆ ಬಟ್ಟೆ ಕಟ್ಟುತ್ತಾರೆ. ಒಣಗಿದ ಮರದ ಸೌಟಿನಲ್ಲಿ ದಿನಾ ಕಲಕುತ್ತಾರೆ. ಗುಳ್ಳೆ ಏಳುವುದು ನಿಂತ ಮೇಲೆ ಸೋಸಿ ಬಾಟಲಿಗೆ ತುಂಬುತ್ತಾರೆ. ಸಕ್ಕರೆಯನ್ನು ಯೀಸ್ಟ್ ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುವ ಹುದುಗುವಿಕೆ ಎಂದರೆ ಇದೇ.

4. ಊರು ಮತ್ತು ತಿನಿಸು

- ಬಂಗಾರಪೇಟೆ: ಪಾನಿಪುರಿ. ಪುದೀನ, ಕೊತ್ತಂಬರಿ ರುಬ್ಬಿದ ಹಸಿರು ಪಾನಿ ಇಲ್ಲಿಯದಲ್ಲ. ಕುಡಿಯುವ ನೀರಿನಷ್ಟೇ ತಿಳಿಯಾದ, ಬಣ್ಣವೇ ಇಲ್ಲದ ಪಾನಿ. ಕಣ್ಣಿಗೆ ಏನೂ ಕಾಣದು, ಪುರಿ ಬಾಯಲ್ಲಿ ಒಡೆದಾಗಲೇ ಖಾರ ಗೊತ್ತಾಗುವುದು. ಮಸಾಲೆಯ ಲೆಕ್ಕ ಆಯಾ ಅಂಗಡಿಯವರದೇ. ಈಗ ಬೆಂಗಳೂರಿನಲ್ಲೂ ಬಂಗಾರಪೇಟೆ ಹೆಸರಿನ ಚಾಟ್ ಅಂಗಡಿಗಳು ಹಲವು.
- ಮುಳಬಾಗಿಲು: ಒಳಗೆ ಮೆತ್ತಗೆ, ಅಂಚಿಗೆ ಗರಿಗರಿಯಾದ ದಪ್ಪ ದೋಸೆ. ಡಿ.ವಿ. ಗುಂಡಪ್ಪನವರು 1887ರಲ್ಲಿ ಹುಟ್ಟಿದ್ದು ಇಲ್ಲೇ. ಹತ್ತಿರದ ಆವಣಿಯಲ್ಲಿ ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿಗಳು, ಕುರುಡುಮಲೆಯಲ್ಲಿ ಗಣಪತಿ ಗುಡಿ.
- ಶ್ರೀನಿವಾಸಪುರ: ಮಾವು. ಬಾದಾಮಿ, ರಸಪುರಿ, ತೋತಾಪುರಿ, ಬೇನಿಷಾ, ಮಲ್ಲಿಕಾ, ನೀಲಂ ಮುಖ್ಯ ತಳಿಗಳು. ತೋತಾಪುರಿ ಹೆಚ್ಚಾಗಿ ಮಾವಿನ ರಸದ ಕಾರ್ಖಾನೆಗಳಿಗೆ ಹೋಗುತ್ತದೆ.
- ಕೋಲಾರ: ದೇಶದ ದೊಡ್ಡ ಟೊಮ್ಯಾಟೊ ಮಾರುಕಟ್ಟೆಗಳಲ್ಲಿ ಒಂದು ಇಲ್ಲಿದೆ. ಹಾಲು ಮತ್ತು ರೇಷ್ಮೆಗೂ ಹೆಸರಾದ ಜಿಲ್ಲೆ. ಹೈನುಗಾರಿಕೆಯ ಬೆಳವಣಿಗೆಯಲ್ಲಿ ಎಂ.ವಿ. ಕೃಷ್ಣಪ್ಪನವರ ಹೆಸರು ನೆನಪಿಡಿ.
- ಎಲ್ಲ ಹಳ್ಳಿಗೂ ಸೇರಿದ್ದು: ರಾಗಿಮುದ್ದೆ, ಬಸ್ಸಾರು, ಮಸ್ಸೊಪ್ಪು, ಚಳಿಗಾಲದ ಹಿತಕಿದ ಅವರೆಬೇಳೆ ಸಾರು, ಹಬ್ಬದ ಮರುದಿನದ ನಾಟಿಕೋಳಿ ಸಾರು. ಬಸ್ಸಾರಿನಲ್ಲಿ ಸೊಪ್ಪು, ಕಾಳು ಬೇಯಿಸಿ ಕಟ್ಟನ್ನು ಬಸಿದು ಸಾರು ಮಾಡುತ್ತಾರೆ, ಉಳಿದ ಸೊಪ್ಪು ಕಾಳು ಒಗ್ಗರಣೆ ಬಿದ್ದು ಪಲ್ಯವಾಗುತ್ತದೆ. ನೀರು, ಸೌದೆ ಎರಡೂ ಕಡಿಮೆಯಿದ್ದ ಸೀಮೆಯ ಅಡುಗೆ ಇದು, ಏನೂ ಪೋಲಾಗುವುದಿಲ್ಲ.
- ರಾಗಿಯ ವೈಜ್ಞಾನಿಕ ಹೆಸರು ಎಲುಸಿನ್ ಕೊರಕಾನ. 100 ಗ್ರಾಂನಲ್ಲಿ ಸುಮಾರು 350 ಮಿ.ಗ್ರಾಂ. ಕ್ಯಾಲ್ಸಿಯಂ ಇದೆ. ಇಂಡಾಫ್ ತಳಿಗಳನ್ನು ಕೊಟ್ಟವರು ‘ರಾಗಿ’ ಲಕ್ಷ್ಮಣಯ್ಯ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ.

5. ದ್ರಾಕ್ಷಿ ಮತ್ತು ವೈನ್

- ಬೆಂಗಳೂರು ನೀಲಿ ದ್ರಾಕ್ಷಿ: ದಪ್ಪ ಸಿಪ್ಪೆ, ಬೀಜ, ಗಾಢ ಪರಿಮಳ. ವಿಟಿಸ್ ಲಾಬ್ರುಸ್ಕ ಗುಂಪಿನದು. ಜ್ಯೂಸ್, ಜ್ಯಾಮ್, ಸಿಹಿ ಪೋರ್ಟ್ ಬಗೆಯ ವೈನಿಗೆ ಬಳಕೆ. ಭೌಗೋಳಿಕ ಸೂಚಿಕೆ ಪಡೆದ ಬೆಳೆ. ಬೆಂಗಳೂರು ಗುಲಾಬಿ ಈರುಳ್ಳಿಗೂ ಈ ಮಾನ್ಯತೆ ಇದೆ.
- ವೈನ್ ದ್ರಾಕ್ಷಿ ಬೇರೆ: ವಿಟಿಸ್ ವಿನಿಫೆರ. ಕೆಂಪಿಗೆ ಕ್ಯಾಬರ್ನೆ ಸೊವಿನ್ಯೋ, ಶಿರಾಜ್. ಬಿಳಿಗೆ ಸೊವಿನ್ಯೋ ಬ್ಲಾಂ, ಶೆನಿನ್ ಬ್ಲಾಂ, ವಿಯೋನಿಯೆ.
- ಇಟಲಿಯ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ವಿಶ್ರಾಂತಿ ಪಡೆಯುತ್ತದೆ. ನಮ್ಮ ಬಳ್ಳಿಗೆ ಆ ವಿಶ್ರಾಂತಿ ಇಲ್ಲ. ಹೀಗಾಗಿ ರೈತ ವರ್ಷಕ್ಕೆ ಎರಡು ಸಲ ಚಾಟನಿ (ಕಡ್ಡಿ ಸವರುವುದು) ಮಾಡುತ್ತಾನೆ. ಏಪ್ರಿಲ್ ಚಾಟನಿಯಿಂದ ಕಡ್ಡಿ ಬಲಿಯುತ್ತದೆ, ಅಕ್ಟೋಬರ್ ಚಾಟನಿಯಿಂದ ಹೂ, ಕಾಯಿ. ವೈನ್ ದ್ರಾಕ್ಷಿ ಕೊಯ್ಲು ಜನವರಿಯಿಂದ ಮಾರ್ಚ್‌ವರೆಗೆ. ನೀಲಿ ದ್ರಾಕ್ಷಿ ಇಲ್ಲಿ ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ.
- ನಂದಿ ತಪ್ಪಲಿಗೆ ಬಲ ಬಂದದ್ದು ಎತ್ತರ, ನೀರು ಬಸಿದುಹೋಗುವ ಕೆಂಪು ಮಣ್ಣು, ಹಗಲಿನ ಬಿಸಿಲಿಗೂ ರಾತ್ರಿಯ ತಂಪಿಗೂ ಇರುವ ಅಂತರದಿಂದ.
- ಕನ್ವಲ್ ಗ್ರೋವರ್ 1988ರಲ್ಲಿ ಗ್ರೋವರ್ ವೈನ್‌ಯಾರ್ಡ್ಸ್ ಸ್ಥಾಪಿಸಿದರು. ಜೊತೆಗಿದ್ದವರು ಫ್ರಾನ್ಸಿನ ಜಾರ್ಜ್ ವೆಸೆಲ್. ತೋಟ ಇರುವುದು ದೊಡ್ಡಬಳ್ಳಾಪುರ ತಾಲ್ಲೂಕಿನ ರಘುನಾಥಪುರದಲ್ಲಿ. 2012ರ ವಿಲೀನದ ಬಳಿಕ ಹೆಸರು ಗ್ರೋವರ್ ಜಂಪಾ.
- 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು, ವೈನ್ ಮಂಡಳಿ ರಚಿಸಿತು. ನಂದಿ, ಕೃಷ್ಣಾ, ಕಾವೇರಿ ಕಣಿವೆ ಎಂಬ ಮೂರು ವಲಯ ಗುರುತಿಸಿತು.

6. ಇಟಲಿಯಿಂದ ಕಲಿಯಬೇಕಾದದ್ದು

- 1716: ಟಸ್ಕನಿಯ ದೊರೆ ಮೂರನೇ ಕೊಸಿಮೊ ಕಿಯಾಂಟಿ ಸೇರಿ ನಾಲ್ಕು ವೈನ್ ಪ್ರದೇಶಗಳ ಗಡಿ ನಿಗದಿ ಮಾಡಿದ.
- 1966: ಬೆಟ್ಟದೂರು ಸಾನ್ ಜಿಮಿನ್ಯಾನೊದ ವೆರ್ನಾಚಾ ಇಟಲಿಯಲ್ಲಿ ಡಿ.ಒ.ಸಿ. (ನಿಯಂತ್ರಿತ ಮೂಲಸ್ಥಾನ) ಮಾನ್ಯತೆ ಪಡೆದ ಮೊದಲ ವೈನ್.
- 1985: ಕೃಷಿ ಪ್ರವಾಸೋದ್ಯಮಕ್ಕೆ 730ನೇ ಸಂಖ್ಯೆಯ ಕಾನೂನು. ರೈತ ತನ್ನ ಮನೆಯಲ್ಲೇ ಪ್ರವಾಸಿಗೆ ತಂಗಲು, ಉಣ್ಣಲು ಕೊಡಬಹುದು. 2006ರಲ್ಲಿ ಹೊಸ ಕಾನೂನು ಇದರ ಜಾಗಕ್ಕೆ ಬಂತು.
- 1986: ಕಾರ್ಲೊ ಪೆಟ್ರಿನಿ ನೇತೃತ್ವದಲ್ಲಿ ಸ್ಲೋ ಫುಡ್ ಚಳವಳಿಯ ಆರಂಭ. ನೆಲೆ ಪಿಯೆಮೊಂಟೆಯ ಬ್ರಾ ಪಟ್ಟಣ.
- 1999: ವೈನ್ ದಾರಿಗಳ ಕಾನೂನು.
- 2014: ಲಾಂಗೆ, ರೊಯೆರೊ, ಮೊನ್‌ಫೆರಾಟೊ ದ್ರಾಕ್ಷಿ ಬೆಟ್ಟಗಳು ಯುನೆಸ್ಕೊ ಪಟ್ಟಿಗೆ.
- ಪಾಠ: ಅಲ್ಲಿ ಪ್ರವಾಸಿಯ ದುಡ್ಡು ರೈತನ ಮನೆ ಬಾಗಿಲಿಗೆ ತಲುಪುವಂತೆ ಕಾನೂನೇ ದಾರಿ ಮಾಡಿದೆ.

7. ಸಂವಿಧಾನ, ಕಾನೂನು

- ಮದ್ಯ ರಾಜ್ಯಪಟ್ಟಿಯ 8ನೇ ನಮೂದು, ಅದರ ಮೇಲಿನ ಅಬಕಾರಿ ಸುಂಕ 51ನೇ ನಮೂದು. ಮಾನವ ಸೇವನೆಯ ಮದ್ಯ ಜಿ.ಎಸ್.ಟಿ.ಯಿಂದ ಹೊರಗೆ.
- 47ನೇ ವಿಧಿ: ಪೌಷ್ಟಿಕತೆ ಹೆಚ್ಚಿಸುವುದು, ಮದ್ಯಪಾನ ನಿಷೇಧದತ್ತ ಯತ್ನಿಸುವುದು ರಾಜ್ಯದ ಕರ್ತವ್ಯ.
- ಮೋಟಾರು ವಾಹನ ಕಾಯ್ದೆ, 185ನೇ ಕಲಂ: 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ.ಗಿಂತ ಹೆಚ್ಚು ಮದ್ಯಸಾರ ಇದ್ದು ವಾಹನ ಓಡಿಸಿದರೆ ಅಪರಾಧ. ಮೊದಲ ಸಲ 6 ತಿಂಗಳವರೆಗೆ ಸಜೆ, 10,000 ರೂ. ದಂಡ ಅಥವಾ ಎರಡೂ.
- ಭೌಗೋಳಿಕ ಸೂಚಿಕೆ ಕಾಯ್ದೆ: 1999ರಲ್ಲಿ ಅಂಗೀಕಾರ, 2003ರ ಸೆಪ್ಟೆಂಬರ್ 15ರಿಂದ ಜಾರಿ. ನೋಂದಣಿ ಕಚೇರಿ ಚೆನ್ನೈ. ಮೊದಲ ಸೂಚಿಕೆ ಡಾರ್ಜಿಲಿಂಗ್ ಚಹಾಕ್ಕೆ. ಅವಧಿ 10 ವರ್ಷ, ನವೀಕರಿಸಬಹುದು.

8. ಮೂರು ದಿನದ ಯೋಜನೆ

- ಕಾಲ: ಡಿಸೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಹೊರಟರೆ ಅವರೆ ಮತ್ತು ದ್ರಾಕ್ಷಿ ಸಿಗುತ್ತವೆ, ಕ್ರಿಸ್‌ಮಸ್ ವಾರವಾದರೆ ಊರಿಗಾಂನ ಹಬ್ಬದ ತಿಂಡಿಯೂ. ಮಾವು ಬೇಕಾದರೆ ಮೇ, ಜೂನ್. ಎರಡನ್ನೂ ಒಂದೇ ಪ್ರವಾಸಕ್ಕೆ ತುರುಕಬೇಡಿ.
- ಮೊದಲ ದಿನ: ರೈಲಿನಲ್ಲಿ ಊರಿಗಾಂ, ರಾಬರ್ಟ್‌ಸನ್‌ಪೇಟೆ ಮಾರುಕಟ್ಟೆ, ಕಮ್ಮಸಂದ್ರದ ಕೋಟಿಲಿಂಗೇಶ್ವರ. ಸಂಜೆ ಬಂಗಾರಪೇಟೆಯಲ್ಲಿ ಪಾನಿಪುರಿ.
- ಎರಡನೇ ದಿನ: ಬೆಳಿಗ್ಗೆ ಮುಳಬಾಗಿಲು ದೋಸೆ, ಆವಣಿ. ಮಧ್ಯಾಹ್ನ ಮುದ್ದೆ ಊಟ. ಮಾವಿನ ಕಾಲವಾದರೆ ಶ್ರೀನಿವಾಸಪುರದ ಮಂಡಿ, ಇಲ್ಲವಾದರೆ ಕೋಲಾರಮ್ಮನ ಗುಡಿ, ಅಂತರಗಂಗೆ.
- ಮೂರನೇ ದಿನ: ಚಿಂತಾಮಣಿ ದಾರಿಯಲ್ಲಿ ಚಿಕ್ಕಬಳ್ಳಾಪುರ, ನಂದಿ ಗ್ರಾಮದ ಭೋಗನಂದೀಶ್ವರ, ಕೊನೆಗೆ ದೊಡ್ಡಬಳ್ಳಾಪುರದ ದ್ರಾಕ್ಷಿತೋಟ. ತೋಟದ ಭೇಟಿಗೆ ಮೊದಲೇ ಬುಕ್ ಮಾಡಿ. ವೈನ್ ರುಚಿ ನೋಡುವವರು ವಾಹನ ಓಡಿಸಬಾರದು.

9. ಇಲ್ಲಿ ತಪ್ಪುವುದು ಹೆಚ್ಚು

- ನಂದಿಬೆಟ್ಟ ಈಗ ಕೋಲಾರ ಜಿಲ್ಲೆಯಲ್ಲಿಲ್ಲ, ಚಿಕ್ಕಬಳ್ಳಾಪುರದಲ್ಲಿದೆ. ರಘುನಾಥಪುರದ ತೋಟ ಈ ಎರಡೂ ಜಿಲ್ಲೆಗಳದಲ್ಲ, ದೊಡ್ಡಬಳ್ಳಾಪುರ ತಾಲ್ಲೂಕಿನದು.
- ಡಿ.ವಿ.ಜಿ. ಮುಳಬಾಗಿಲಿನವರು, ಮಾಸ್ತಿ ಮಾಲೂರು ತಾಲ್ಲೂಕಿನವರು. ಹೈದರಾಲಿ ಹುಟ್ಟಿದ್ದು ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ.
- ಭೌಗೋಳಿಕ ಸೂಚಿಕೆ ಇರುವುದು ನೀಲಿ ದ್ರಾಕ್ಷಿಗೆ, ನಂದಿ ತಪ್ಪಲಿನ ವೈನಿಗಲ್ಲ.
- ಇಟಲಿಯಲ್ಲಿ ದ್ರಾಕ್ಷಿ ಕೊಯ್ಲು ಸೆಪ್ಟೆಂಬರ್, ಅಕ್ಟೋಬರ್. ನಮ್ಮಲ್ಲಿ ಜನವರಿಯಿಂದ ಮಾರ್ಚ್.

10. ಪ್ರಬಂಧಕ್ಕೆ ತೀರ್ಮಾನ

‘ಕೋಲಾರ ಸೀಮೆಯಲ್ಲಿ ಆಹಾರ ಪ್ರವಾಸೋದ್ಯಮದ ಅವಕಾಶ’ ಎಂಬ ಪ್ರಶ್ನೆ ಬಂದರೆ ಮೂರು ಅಂಶಗಳ ಮೇಲೆ ಉತ್ತರ ಕಟ್ಟಿ: ಬೆಳೆಯ ಕಾಲಕ್ಕೆ ಹೊಂದಿದ ಪ್ರವಾಸ ಪಟ್ಟಿ, ಇರುವ ರೈಲು ಹಳಿಯ ಬಳಕೆ, ರೈತರ ಮನೆಯಲ್ಲಿ ತಂಗುವ ವ್ಯವಸ್ಥೆಗೆ ಸರಳ ಪರವಾನಗಿ. ಚಿನ್ನದ ಗಣಿ ಮುಚ್ಚಿದ ಮೇಲೆ ಊರಿಗಾಂನ ಮಕ್ಕಳು ಮುಂಜಾನೆಯ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಿದ್ದಾರೆ. ಅವರಿಗೆ ತಮ್ಮೂರಲ್ಲೇ ಕೆಲಸ ಕೊಡಬಲ್ಲ ದಾರಿಗಳಲ್ಲಿ ಇದೂ ಒಂದು. ಪರೀಕ್ಷೆ ಬರೆದು ನಾಳೆ ಪಂಚಾಯಿತಿ, ತಾಲ್ಲೂಕು ಕಚೇರಿಯಲ್ಲಿ ಕೂರುವವರು ನೀವೇ. ಈ ಅಂಶಗಳನ್ನು ಉತ್ತರಪತ್ರಿಕೆಯಲ್ಲಿ ಬರೆದು ಮರೆಯಬೇಡಿ, ಕಡತದಲ್ಲೂ ಬರೆಯಿರಿ.