ಒಂದೇ ಪ್ಯಾಲೆಟ್, ಎರಡು ಕಾಲ: ಲೋ-ಪಾಲಿ ಗೇಮ್‌ಗೆ ಬಣ್ಣ ಹಚ್ಚುವುದು ಹೀಗೆ

ಹನೂರು, ಕೌದಳ್ಳಿ, ತಾಳಬೆಟ್ಟದ ಮೇಲೆ ಮಾದಪ್ಪನ ಬೆಟ್ಟಕ್ಕೆ ದೀಪಾವಳಿಯಲ್ಲಿ ಹೋದರೆ ಕಾಡೆಲ್ಲ ಹಸಿರು. ಶಿವರಾತ್ರಿಗೆ ಹೋದರೆ ಎಲೆ ಉದುರಿದ ಕುರುಚಲು, ನಡುನಡುವೆ ಹೂಬಿಟ್ಟ ಮುತ್ತುಗ. ಈ ದಾರಿಯನ್ನೇ ಮೊಬೈಲ್ ಗೇಮ್ ಮಾಡಲು ಹೊರಟವರು ಮರ, ಬಂಡೆ, ಹೆಂಚಿನ ಮನೆ, ಕೆಂಪು ಬಸ್ಸುಗಳನ್ನು ಎರಡೆರಡು ಸಲ ಮಾಡಬೇಕಿಲ್ಲ. ಎಲ್ಲ ಮಾಡೆಲ್‌ಗಳೂ ಬಣ್ಣಕ್ಕಾಗಿ ಒಂದೇ ಚಿತ್ರವನ್ನು ನೋಡುವಂತೆ ಮಾಡಿ, ಆ ಚಿತ್ರ ಬದಲಿಸಿದರೆ ಮುಗಿಯಿತು. ಫೋನಿಗೂ ಹಗುರ: 1024 ಪಿಕ್ಸೆಲ್ ಚೌಕದ ಟೆಕ್ಸ್ಚರ್ ಕುಗ್ಗಿಸದಿದ್ದರೆ 4 ಎಂಬಿ ಮೆಮೊರಿ ತಿನ್ನುತ್ತದೆ, 64 ಪಿಕ್ಸೆಲ್‌ನದು ಬರೀ 16 ಕೆಬಿ.

ಮೊದಲು ಕ್ರಿತಾ ಅಥವಾ ಗಿಂಪ್‌ನಲ್ಲಿ 64×64 ಪಿಕ್ಸೆಲ್‌ನ ಚಿತ್ರ ತೆರೆದು, 8 ಪಿಕ್ಸೆಲ್‌ನ ಚೌಕಗಳಾಗಿ ಭಾಗ ಮಾಡಿ. 64 ಬಣ್ಣಕ್ಕೆ ಜಾಗವಾಯಿತು. ಅಂಚು ಮಸುಕಾಗುವ ಬ್ರಷ್ ಬೇಡ, ಫಿಲ್ ಸಾಕು. ಪಿಎನ್‌ಜಿಯಾಗಿಯೇ ಉಳಿಸಿ, ಜೆಪೆಗ್‌ನಲ್ಲಿ ಚೌಕಗಳ ಬಣ್ಣ ಒಂದರೊಳಗೊಂದು ಕಲಸಿಹೋಗುತ್ತದೆ.

ಯಾವ ಚೌಕ ಯಾವುದಕ್ಕೆ ಎಂಬುದರಲ್ಲೇ ಇಡೀ ಕೆಲಸದ ಜಾಣತನ. ಬಣ್ಣ ನೋಡಿ ಹಂಚಬೇಡಿ, ವಸ್ತು ನೋಡಿ ಹಂಚಿ. ಬಿದಿರಿನ ಎಲೆಯೂ ಮನೆಯ ಬಾಗಿಲೂ ಈಗ ಒಂದೇ ಹಸಿರಾಗಿರಬಹುದು. ಎರಡಕ್ಕೂ ಒಂದೇ ಚೌಕ ಕೊಟ್ಟರೆ ಬೇಸಿಗೆ ಬಂದಾಗ ಬಾಗಿಲೂ ಒಣಗುತ್ತದೆ! ಕೆಂಪು ಮಣ್ಣಿಗೆ ಒಂದು ಬಣ್ಣ ಸಾಲದು: ಒಣಗಿದ್ದು, ನೆನೆದದ್ದು, ನೆರಳಿನದು ಎಂದು ಮೂರಾದರೂ ಇರಲಿ. ಮುತ್ತುಗದ ಹೂವಿಗೆ ಬೇರೆಯೇ ಚೌಕವಿಟ್ಟು, ದೀಪಾವಳಿಯ ಚಿತ್ರದಲ್ಲಿ ಅದಕ್ಕೆ ಎಲೆಯ ಹಸಿರನ್ನೇ ತುಂಬಿ. ಹೂವು ಮರದಲ್ಲೇ ಇರುತ್ತದೆ, ಕಾಣುವುದಿಲ್ಲ. ಶಿವರಾತ್ರಿಯ ಚಿತ್ರದಲ್ಲಿ ಅದೇ ಚೌಕಕ್ಕೆ ಕೆಂಡದಂಥ ಕೇಸರಿ ಹಚ್ಚಿದರೆ ಮರವೆಲ್ಲ ಹೂವು.

ಇನ್ನು ಮಾಡೆಲ್ ತಯಾರಾಗುವ ಬ್ಲೆಂಡರ್. ಒಂದು ಮೆಟೀರಿಯಲ್ ಮಾಡಿ, ಬೇಸ್ ಕಲರ್‌ಗೆ ಇಮೇಜ್ ಟೆಕ್ಸ್ಚರ್ ಜೋಡಿಸಿ, ಲೀನಿಯರ್ ಇದ್ದದ್ದನ್ನು ಕ್ಲೋಸೆಸ್ಟ್ ಮಾಡಿ. ಎಡಿಟ್ ಮೋಡ್‌ನಲ್ಲಿ ಬೇಕಾದ ಮುಖಗಳನ್ನು ಆರಿಸಿ ಅನ್‌ರ್ಯಾಪ್ ಮಾಡಿ. ಯುವಿ ಎಡಿಟರ್‌ನಲ್ಲಿ ಎಲ್ಲವನ್ನೂ ಆರಿಸಿಕೊಂಡು ಎಸ್, ಸೊನ್ನೆ, ಎಂಟರ್ ಒತ್ತಿದರೆ ಅವೆಲ್ಲ ಒಂದು ಚುಕ್ಕೆಯಾಗುತ್ತವೆ. ಅದನ್ನು ಚೌಕದ ನಟ್ಟನಡುವೆ ಇಡಿ: ಮೊದಲ ಚೌಕದ ನಡು 0.0625, ಪಕ್ಕದ್ದು 0.1875. ಮುಂದಿನ ಮಾಡೆಲ್‌ಗೂ ಇದೇ ಮೆಟೀರಿಯಲ್ ಕೊಡಿ, ಹೊಸದು ಮಾಡಬೇಡಿ. ಬ್ಲೆಂಡರ್ 4.0ರಿಂದೀಚೆಗೆ ಬಣ್ಣ ಪೇಲವವಾಗಿ ಕಂಡರೆ ಚಿತ್ರದ ತಪ್ಪಲ್ಲ. ಕಲರ್ ಮ್ಯಾನೇಜ್‌ಮೆಂಟ್‌ನಲ್ಲಿ ಎಜಿಎಕ್ಸ್ ಬದಲು ಸ್ಟ್ಯಾಂಡರ್ಡ್ ಆರಿಸಿ.

ಎಲ್ಲಕ್ಕೂ ಒಂದೇ ಚಿತ್ರ ಎಂಬ ಈ ಹಂಚಿಕೆ ಮುರಿಯುವುದು ಸಾಮಾನ್ಯವಾಗಿ ಮಾಡೆಲ್ ಅನ್ನು ಗೇಮ್ ಎಂಜಿನ್ ಗೋಡೋಗೆ ತಂದಾಗ. ಪ್ರತಿ ಜಿಎಲ್‌ಬಿ ಫೈಲೂ ಹೊಟ್ಟೆಯೊಳಗೆ ಪ್ಯಾಲೆಟ್‌ನ ತನ್ನದೇ ನಕಲು ಹೊತ್ತು ಬರುತ್ತದೆ. ಅಡ್ವಾನ್ಸ್‌ಡ್ ಇಂಪೋರ್ಟ್‌ನ ಮೆಟೀರಿಯಲ್ಸ್‌ನಲ್ಲಿ ಯೂಸ್ ಎಕ್ಸ್‌ಟರ್ನಲ್ ಆರಿಸಿ, ಎಲ್ಲಕ್ಕೂ ಹೊರಗಿನ ಒಂದೇ ಮೆಟೀರಿಯಲ್ ತೋರಿಸಿ. ಆ ಮೆಟೀರಿಯಲ್‌ನ ಫಿಲ್ಟರ್ ನಿಯರೆಸ್ಟ್ ಇರಲಿ. ಚಿತ್ರದ ಕಂಪ್ರೆಶನ್ ಲಾಸ್‌ಲೆಸ್ ಮಾಡಿ, ಡಿಟೆಕ್ಟ್ ತ್ರೀಡಿ ಆಫ್ ಮಾಡಿಬಿಡಿ. ಇಲ್ಲದಿದ್ದರೆ ಗೋಡೋ ತಾನಾಗಿಯೇ ಕಂಪ್ರೆಶನ್ ಬದಲಿಸುತ್ತದೆ.

ಕೊನೆಗೆ ಪಿಎನ್‌ಜಿಯ ನಕಲು ಮಾಡಿ ಶಿವರಾತ್ರಿಯ ಬಣ್ಣ ತುಂಬಿ. ಒಮ್ಮೆ ಮಾಡೆಲ್ ಜೋಡಿಸಿದ ಮೇಲೆ ಚೌಕಗಳ ಜಾಗ ಬದಲಿಸುವಂತಿಲ್ಲ, ಹಾಗಾಗಿ ಒಂದು ಸಾಲನ್ನು ಮೊದಲೇ ಖಾಲಿ ಬಿಟ್ಟಿರಿ. ಹುಣಸೆಯ ಚೌಕವನ್ನು ಮಾತ್ರ ಹೆಚ್ಚು ಒಣಗಿಸಬೇಡಿ. ಸುತ್ತಲ ಕಾಡು ಬೋಳಾದಾಗಲೂ ಅದರಲ್ಲಿ ಹಸಿರು ಉಳಿದಿರುತ್ತದೆ.